ಮುಂದೆ ಕಟ್ಟಿದ ಮೋಟಾರು

ನಂಜನಗೂಡಿನಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ದೇವನೂರು, ಸುತ್ತೂರು ಕಡೆಯ ಪಂಪ್‌ಸೆಟ್ಟುಗಳು ಸುಟ್ಟುಕೊಂಡು ನನ್ನ ಹತ್ತಿರ ಬರುತ್ತವೆ, ಹೊಸ ತಾಮ್ರದ ತಂತಿ ಸುತ್ತಿಸಿಕೊಂಡು ಹೋಗುತ್ತವೆ. ಕೆಲಸ ಕಲಿತದ್ದು ಈ ಊರಿನಲ್ಲಿ. ಮಾತು ಕಲಿತದ್ದು ಇಲ್ಲಲ್ಲ. ಅದು ಕಪಿಲೆಯ ಕೆಳಗೆ, ತಿ. ನರಸೀಪುರ ಇನ್ನೆರಡು ಹಳ್ಳಿ ಇರುವಾಗಲೇ ಸಿಗುವ ನಮ್ಮ ಚಿಕ್ಕಪ್ಪನ ಮನೆಯಲ್ಲಿ. ಚಿಕ್ಕಪ್ಪ ಮೀನು ಹಿಡಿಯುವವರು. ಬೇಸಿಗೆ ರಜೆ ಪೂರ್ತಿ ಅವರ ಹರಿಗೋಲಿನಲ್ಲಿ ಕೂತು ಬಲೆಯ ಸಿಕ್ಕು ಬಿಡಿಸುತ್ತ, ಅವರು ಚಿಕ್ಕವ್ವನನ್ನು ರೇಗಿಸುವುದನ್ನೂ ಚಿಕ್ಕವ್ವ ದಡದಿಂದ ನನ್ನ ಮೂಲಕ ತಿರುಗಿಸಿ ಕೊಡುವುದನ್ನೂ ಕೇಳಿ ಕೇಳಿ ನನ್ನ ನಾಲಗೆ ತಿರುಗಿತು. ಈಗಲೂ ಅಂಗಡಿಯಲ್ಲಿ ಗಿರಾಕಿಯ ಜತೆ ಮಾತು ಬೆಳೆದರೆ, ಇದು ಚಿಕ್ಕಪ್ಪನ ಮಾತು, ಇದು ಚಿಕ್ಕವ್ವನದು ಎಂದು ನನಗೇ ಗೊತ್ತಾಗುತ್ತದೆ.

ಚಿಕ್ಕಪ್ಪನಿಗೆ ನನ್ನೂರಿನ ಮೇಲೆ ಒಂದು ಹಳೆಯ ದೂರು. ನಾನು ಬಸ್ಸಿಳಿದು ಹೋದಾಗಲೆಲ್ಲ ಅದು ಹೊರಗೆ ಬರಬೇಕು.

"ನಂಜನಗೂಡ್ನೋರು ನೀವು ಮಿಂದ್ಬುಟ್ಟ ನೀರೇ ಕಣ್ಲಾ ನಮ್ಗೆ ಬರೋದು. ವಸಿ ಚೆನ್ನಾಗ್ ಮಿಂದು ಕಳ್ಸಿ."

ಅಂಥವರು ಕಳೆದ ವರ್ಷ ಹೊಳೆಯ ಮೆಟ್ಟಿಲ ಮೇಲೆ ಪಾಚಿಗೆ ಕಾಲಿಟ್ಟು ಜಾರಿ ಬಿದ್ದರು. ಬಲಗಡೆಯ ಹೆಗಲು. ಮೂಳೆ ಮುರಿದಿರಲಿಲ್ಲ, ಒಳಗಿನ ನಾರು ಹರಿದಿತ್ತು. ಕೈ ಎದೆಯವರೆಗೆ ಏಳುತ್ತದೆ, ಅಲ್ಲಿಂದ ಮೇಲಕ್ಕಿಲ್ಲ. ಹುಟ್ಟು ಹಾಕುವುದನ್ನು ಇನ್ನು ಮರೆತುಬಿಡಿ ಎಂದು ಡಾಕ್ಟರು ಹೇಳಿದರು. ಚಿಕ್ಕವ್ವ ಆ ಮಾತನ್ನು ಡಾಕ್ಟರಿಗಿಂತ ಗಟ್ಟಿಯಾಗಿ ಹಿಡಿದುಕೊಂಡಳು. ಹರಿಗೋಲನ್ನು ದಡದಿಂದ ಎತ್ತಿಸಿ ಮನೆಯ ಮುಂದೆ ತಂದು ಕವುಚಿ ಹಾಕಿಸಿದಳು.

ನಾನು ನೋಡಲು ಹೋದಾಗ ಚಿಕ್ಕಪ್ಪ ಜಗಲಿಯ ಮೇಲೆ ಕೂತಿದ್ದರು. ಎದುರಿಗೆ ಕವುಚಿದ ಹರಿಗೋಲು. ಅದರ ಪಕ್ಕದಲ್ಲಿ ಚಿಕ್ಕವ್ವ ಮೊಟ್ಟೆ ಇಡುವ ಕೋಳಿಯೊಂದನ್ನು ಮಂಕರಿ ಬುಟ್ಟಿಯ ಕೆಳಗೆ ಕವುಚಿಟ್ಟಿದ್ದಳು. ಚಿಕ್ಕಪ್ಪ ಮೂರನ್ನೂ ನೋಡಿ, ಅಂದರೆ ಹರಿಗೋಲು, ಮಂಕರಿ, ಆಮೇಲೆ ತಮ್ಮ ತೋಳು, "ಆ ಕೋಳಿನಾದ್ರೂ ಸಂಜಿಗೆ ಬುಡ್ತಾಳೆ ಕಣ್ಲಾ" ಎಂದರು.

ನಾನು ನಕ್ಕೆ. ಅವರು ನಗಲಿಲ್ಲ.

ಚಿಕ್ಕವ್ವ ಕಾಫಿ ತಂದಳು. ಮಾತಾಡಿದ್ದು ನನ್ನ ಜತೆ, ಹೇಳಿದ್ದು ಅವರಿಗೆ. ಬೇರೆಯವರ ಎದುರಿಗೆ ಅವಳು ಗಂಡನ ಜತೆ ನೇರವಾಗಿ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. "ನಿಮ್ಮ್ ಚಿಕ್ಕಪ್ಪಂಗೆ ಯೋಳು ಮಗ, ಬಿಸ್ಲು ಬತ್ತಾ ಅದೆ, ಒಳಕ್ಕೆ ಬಂದು ಕೂತ್ಕಳ್ಲಿ ಅಂತ."

"ನಿಮ್ಮ್ ಚಿಕ್ಕವ್ವಂಗೆ ಯೋಳು, ಒಳಗೂ ಕೂರೋದೆಯ, ಒರಗೂ ಕೂರೋದೆಯ ಅಂತ."

ಹೊರಡುವಾಗ ಚಿಕ್ಕಪ್ಪ ಬಸ್‌ಸ್ಟಾಪಿನವರೆಗೆ ಬಂದರು. ಬಸ್ಸು ಕಾಣಿಸಿದ ಮೇಲೆ ಬಾಯಿಬಿಟ್ಟರು. "ನೀನು ಅಷ್ಟೊಂದು ಮೋಟ್ರು ತಿರುಗಿಸ್ತೀಯಲ್ಲ. ನನ್ನ್ ಅರಿಗೋಲ್ಗೆ ಒಂದು ಮಾಡ್ಕೊಡಕ್ಕಾಯ್ತದಾ? ಒಬ್ನೇ ಓಗ್ಬೇಕು ಕಣ್ಲಾ. ಯಾರೂ ಬ್ಯಾಡ. ಒಬ್ನೇ."

ಆ 'ಒಬ್ನೇ' ಎಂಬುದನ್ನು ಎರಡು ಸಲ ಹೇಳಿದ್ದು ನನಗೆ ದಾರಿಯುದ್ದಕ್ಕೂ ನೆನಪಿತ್ತು.

ಹೊರದೇಶದವರು ಮೀನು ಹಿಡಿಯುವ ದೋಣಿಗೆ ಸಣ್ಣ ಕರೆಂಟ್ ಮೋಟಾರು ಕಟ್ಟಿಕೊಳ್ಳುವುದನ್ನು ಫೋನಿನಲ್ಲಿ ನೋಡಿದ್ದೆ. ಸದ್ದಿಲ್ಲ, ಹೊಗೆಯಿಲ್ಲ, ಬ್ಯಾಟರಿಯಿಂದ ನಡೆಯುತ್ತದೆ. ಅದನ್ನು ಕೊಳ್ಳುವ ಗೋಜಿಗೆ ಹೋಗಲಿಲ್ಲ, ನಾನೇ ಮಾಡುವವನಿದ್ದೇನಲ್ಲ. ಗುಜರಿಯಿಂದ ಒಂದು ಕಾರಿನ ರೇಡಿಯೇಟರ್ ಫ್ಯಾನಿನ ಮೋಟಾರು ತಂದೆ. ಅದು ನೀರು ಮುಟ್ಟದ ಹಾಗೆ ಮೇಲೆಯೇ ಇರಬೇಕು. ಅದಕ್ಕೊಂದು ಉದ್ದನೆಯ ಸರಳು ಸೇರಿಸಿ, ಸರಳನ್ನು ಪ್ಲಾಸ್ಟಿಕ್ ಪೈಪಿನೊಳಗೆ ಇಳಿಬಿಟ್ಟು, ಸರಳು ಅಲುಗದ ಹಾಗೆ ಎರಡು ಕಡೆ ಬುಶ್ ಕೂರಿಸಿ ಗ್ರೀಸು ತುಂಬಿದೆ. ಹಳೆಯ ಎಕ್ಸಾಸ್ಟ್ ಫ್ಯಾನಿನ ರೆಕ್ಕೆಯನ್ನು ಅಂಗೈಯಷ್ಟಕ್ಕೆ ಕತ್ತರಿಸಿ ತುದಿಗೆ ಹಾಕಿದೆ. ಅಂಗಡಿಯ ಹಿಂದಿನ ಸಿಮೆಂಟು ತೊಟ್ಟಿಯಲ್ಲಿ ಇಳಿಸಿ ಸ್ವಿಚ್ಚು ಒತ್ತಿದರೆ ತೊಟ್ಟಿಯ ಅರ್ಧ ನೀರು ನನ್ನ ಅಂಗಿಯ ಮೇಲಿತ್ತು. ರೆಕ್ಕೆಯನ್ನು ಇನ್ನೊಂದಿಷ್ಟು ಕತ್ತರಿಸಿದೆ. ಮೋಟಾರು ಬಿಸಿಯಾಗುವುದು ನಿಂತಿತು. ನನ್ನಂಥ ಇಂಜಿನಿಯರು ಈ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ ಎಂದು ಆ ದಿನ ನನಗೆ ಅನ್ನಿಸಿತ್ತು.

ಹರಿಗೋಲಿನ ಬಿದಿರ ಅಂಚಿಗೆ ಬೋಲ್ಟು ಹಾಕಿದರೆ ಸೀಳುತ್ತದೆ. ಅದಕ್ಕೆ ಒಳಗೊಂದು ಹೊರಗೊಂದು ಹಲಗೆ ಕೊಟ್ಟು, ನಡುವೆ ಪೈಪನ್ನು ಓರೆಯಾಗಿ ನಿಲ್ಲಿಸಿ, ತಿರುಗಿಸಲು ಮೇಲೊಂದು ಹಿಡಿ ಇಟ್ಟು, ಸೈಕಲ್ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಸೀಳಿ ಎಳೆದು ಬಿಗಿದೆ. ಎಳೆದು ಹಾಕಿದ ಟ್ಯೂಬಿನ ಗಂಟು ಕಚ್ಚಿಕೊಳ್ಳುತ್ತದೆ, ಬಿಚ್ಚುವುದು ಸುಲಭವಲ್ಲ. ಅದೇ ಒಳ್ಳೆಯದು ಅಂದುಕೊಂಡೆ.

ಮೊದಲ ಭಾನುವಾರ, ಬರೀ ನೋಡುವುದಕ್ಕೆ ಎಂದು ಚಿಕ್ಕವ್ವನನ್ನು ಒಪ್ಪಿಸಿ ಹರಿಗೋಲನ್ನು ನೀರಿಗಿಳಿಸಿ, ಮೋಟಾರನ್ನು ಹಿಂದೆ ಕಟ್ಟಿದ್ದೆ. ವೀಡಿಯೋಗಳಲ್ಲಿ ನಾನು ನೋಡಿದ ದೋಣಿಗಳಿಗೆಲ್ಲ ಹಿಂದೆಯೇ ಇತ್ತು. ಚಿಕ್ಕಪ್ಪ ದಡದಲ್ಲಿ ನಿಂತು ನೋಡಿದರು. ನಾನೊಬ್ಬನೇ ಕೂತು ಸ್ವಿಚ್ಚು ಒತ್ತಿದೆ. ಹರಿಗೋಲು ಒಂದು ಮೊಳ ಮುಂದೆ ಹೋಗಿ, ಆಮೇಲೆ ತಿರುಗತೊಡಗಿತು. ಆ ಕಡೆ ತಿರುಗಿಸಲು ಹೋದರೆ ಈ ಕಡೆ, ಈ ಕಡೆ ಹಿಡಿದರೆ ಆ ಕಡೆ. ರಾಗಿ ಬೀಸುವ ಕಲ್ಲಿನ ಹಾಗೆ ನಿಂತಲ್ಲೇ ಸುತ್ತಿದೆ. ಒಮ್ಮೆ ಚಿಕ್ಕಪ್ಪ ಕಾಣುತ್ತಿದ್ದರು, ಒಮ್ಮೆ ಆಚೆ ದಡದ ಹುಣಸೆಮರ, ಮತ್ತೆ ಚಿಕ್ಕಪ್ಪ. ಪ್ರತಿ ಸಲ ಕಾಣಿಸಿದಾಗಲೂ ಅವರು ಹಿಂದಿನ ಸಲಕ್ಕಿಂತ ಹೆಚ್ಚು ನಗುತ್ತಿದ್ದರು. ಕೊನೆಯ ಸುತ್ತಿಗೆ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು.

"ಆರ್ಸ್ಲಾ, ಆರ್ಸು! ಮಜ್ಜಿಗೆ ಕಡೀತಾ ಅವ್ನೆ ನನ್ನ್ ಮಗ!"

ಮೋಟಾರು ಆರಿಸಿ, ಕೈಯಿಂದ ನೀರು ತಳ್ಳುತ್ತ ದಡಕ್ಕೆ ಬಂದೆ. ಆಗ ಹೇಳಿದರು. "ನಾನು ಅರಿಗೋಲ್ನಲ್ಲಿ ಎಲ್ಲಿ ಕೂರ್ತಿದ್ದೆ?"

"ಮುಂದೆ."

"ಉಟ್ಟು ಎತ್ತ್ಲಿಂದ ಎಳೀತಿದ್ದೆ?"

ಆಗ ನನಗೆ ಕಂಡಿತು. ಉದ್ದ ದೋಣಿಯನ್ನು ಹಿಂದಿನಿಂದ ನೂಕಬಹುದು. ದುಂಡನೆಯ ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಹುಟ್ಟು ಹಾಕುವವನು ಎಲ್ಲಿ ಕೂರುತ್ತಾನೋ ಅದೇ ಮುಂದು. ಅವನು ಮುಂದೆ ಮಂಡಿಯೂರಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ, ಹರಿಗೋಲು ಹಗ್ಗ ಹಿಡಿದ ಕರುವಿನ ಹಾಗೆ ಅವನ ಹಿಂದೆ ಬರುತ್ತದೆ. ಹತ್ತು ಬೇಸಿಗೆ ಅವರ ಬೆನ್ನು ನೋಡಿಕೊಂಡು ಕೂತಿದ್ದವನು ನಾನು. ಆದರೂ ವೀಡಿಯೋ ನಂಬಿದ್ದೆ.

ಎರಡನೆಯ ಭಾನುವಾರ ಮೋಟಾರನ್ನು ಮುಂದೆ ಕಟ್ಟಿ, ರೆಕ್ಕೆ ತಿರುವುಮುರುವಾಗಿ ತಿರುಗುವ ಹಾಗೆ ವೈರು ಬದಲಿಸಿದೆ. ಹರಿಗೋಲು ಸೀದಾ ಹೋಯಿತು. ಚಿಕ್ಕಪ್ಪ ಎಡಗೈಯಲ್ಲಿ ಹಿಡಿ ಹಿಡಿದು ದಡದುದ್ದಕ್ಕೂ ಒಂದು ಸುತ್ತು ಹೋಗಿ ಬಂದರು. ಇಳಿದು, ಮೋಟಾರಿನ ಮೇಲೆ ತಮ್ಮ ಟವೆಲನ್ನು ಹೊದಿಸಿದರು.

ಚಿಕ್ಕವ್ವ ಎಲ್ಲವನ್ನೂ ಮೆಟ್ಟಿಲ ಮೇಲಿಂದ ನೋಡಿದ್ದಳು. ಮನೆಗೆ ಬಂದ ಮೇಲೆ ನನ್ನ ತಟ್ಟೆಗೆ ಮುದ್ದೆ ಹಾಕುತ್ತ ತೀರ್ಮಾನ ಹೇಳಿದಳು.

"ನೋಡಪ್ಪ, ಬರೋ ಭಾನ್ವಾರ ಒಂದಿನ. ನೀನೂ ಜತೇಲಿ ಓಗು. ಬಲೆ ಬುಟ್ಟು, ಎತ್ಕಂಡು, ಯಾರ ಕೈಗೂ ಕಾಯ್ದೆ ತಾವೇ ದಡಕ್ಕೆ ಬಂದ್ರೆ ಆಮ್ಯಾಲಿಂದ ಒಬ್ರೇ ಓಗ್ಲಿ, ನಾ ಕೇಳಲ್ಲ. ಯಾರಾನ ಓಗಿ ಎಳ್ಕಬರೋ ಅಂಗಾದ್ರೆ ಅರಿಗೋಲು ಸೋಸ್ಲೇಲಿರೋ ನನ್ನ ತಮ್ಮಂಗೆ. ಸೋಮಾರ ಬಾ ಅಂತ ಅವಂಗೆ ಯೋಳಿವ್ನಿ."

"ಆಗ್ಲೇ ಯೋಳ್ಬುಟ್ಟವ್ಳೆ ನೋಡ್ಲಾ" ಎಂದರು ಚಿಕ್ಕಪ್ಪ.

"ನೀನು ಬೀಳೋದ್ನ ನೋಡ್ದವ್ಳು ನಾನು, ಅಂತ ಯೋಳು ಮಗ."

ಮೂರನೆಯ ಭಾನುವಾರ ಬೆಳಿಗ್ಗೆ ಏಳಕ್ಕೆ ನಾನು ಬ್ಯಾಟರಿಯನ್ನು ಪ್ಲಾಸ್ಟಿಕ್ ಕ್ರೇಟಿನಲ್ಲಿಟ್ಟು ಹರಿಗೋಲಿನ ನಡುವೆ ಕೂರಿಸಿದೆ. ಚಿಕ್ಕಪ್ಪ ಬಲೆ ಹಾಕಿಕೊಂಡರು. ಸೊಂಟಕ್ಕೆ ಎಂದಿನಂತೆ ಚೂರಿ ಸಿಕ್ಕಿಸಿಕೊಂಡರು. ಆಮೇಲೆ ಸುತ್ತ ನೋಡಿದರು.

"ಉಟ್ಟು?"

"ಸೂರಿಗೆ ಸಿಕ್ಕಿಸಿ ಬಂದೆ ಚಿಕ್ಕಪ್ಪ. ಅದು ಕಣ್ಣೆದುರಿಗೆ ಇದ್ದರೆ ನಿಮ್ಮ ಕೈ ಸುಮ್ಮನಿರುತ್ತಾ? ಮೋಟಾರಿದೆಯಲ್ಲ."

ಅಂಗಿ ಹಾಕಿಕೊಳ್ಳದೆ ಮದುವೆಮನೆಗೆ ಹೊರಟವನನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಆದರೆ ಹೋಗುವ ಆತುರ ಅವರಿಗೂ ಇತ್ತು. ಹೊರಟೆವು.

ಕೆಳಗೆ ಅಡ್ಡಕಟ್ಟೆ ಇರುವುದರಿಂದ ಅಲ್ಲಿ ಕಪಿಲೆ ನಿಂತ ನೀರಿನ ಹಾಗೆ. ಆಚೆ ದಡದ ಓರೆಯಲ್ಲಿ ತೇಲುವ ಅಂತರಗಂಗೆ ಗಿಡ ಚಾಪೆಯ ಹಾಗೆ ಹಬ್ಬಿತ್ತು, ಮೇಲೆ ನೇರಳೆ ಹೂ. ಮೀನು ಅದರ ನೆರಳಿನಲ್ಲಿರುತ್ತದೆ. ಅಂಚಿಗೆ ಬಲೆ ಬಿಟ್ಟು ಕಾದೆವು. ಒಂಬತ್ತರ ಸುಮಾರಿಗೆ ನಾನು ಎಳೆದೆ, ಅವರು ಎಡಗೈಯಲ್ಲಿ ಬಿಡಿಸಿದರು. ಏಳು ಜಿಲೇಬಿ ಮೀನು, ಎರಡು ಗೆಂಡೆ. ಗೆಂಡೆಯೊಂದನ್ನು ಎತ್ತಿ ಹಿಡಿದು, "ಸೋಸ್ಲೆಯೋನ್ಗೆ ಇದ್ನೇ ಸಾರು ಮಾಡಿ ಆಕಿ ಕಳ್ಸನ" ಎಂದರು. ಅವರ ಮುಖದಲ್ಲಿ ಹೆಗಲು ಬೀಳುವ ಮುಂಚಿನ ಮನುಷ್ಯ ಬಂದು ಕೂತಿದ್ದ.

ನಾವು ಮೀನು ನೋಡುತ್ತಿದ್ದೆವು, ಗಾಳಿ ತಿರುಗಿದ್ದನ್ನು ನೋಡಲಿಲ್ಲ. ತಲೆಯೆತ್ತುವ ಹೊತ್ತಿಗೆ ಆ ಚಾಪೆ ದಡ ಬಿಟ್ಟು ನಮ್ಮ ಸುತ್ತ ಸರಿದು ಬಂದಿತ್ತು. ಮೋಟಾರು ಒತ್ತಿದೆ. ನಾಲ್ಕು ಸುತ್ತು ತಿರುಗಿ ಗುಂಯ್ ಎಂದು ನಿಂತಿತು. ಬೇರುಗಳೆಲ್ಲ ರೆಕ್ಕೆಗೆ ಜಡೆ ಹೆಣೆದ ಹಾಗೆ ಸುತ್ತಿಕೊಂಡಿದ್ದವು. ಫ್ಯೂಸು ಹೋಯಿತು. ಜೇಬಿನಲ್ಲಿದ್ದ ತಂತಿಯ ಎಳೆ ಹಾಕಿದೆ, ಅದೂ ಹೋಯಿತು. ಇನ್ನೊಂದು ಎಳೆ ಹಾಕಿ, ಬ್ಯಾಟರಿಯ ವೈರು ಅದಲು ಬದಲು ಮಾಡಿ ಹಿಂದಕ್ಕೆ ತಿರುಗಿಸಿ ನೋಡಿದೆ. ಅರ್ಧ ಜಡೆ ಬಿಚ್ಚಿ, ಇನ್ನೊಂದು ಜಡೆ ಸುತ್ತಿಕೊಂಡಿತು. ಎರಡೆಳೆ ತಂತಿ ಹಾಕಿ ಒತ್ತಿದೆ. ಆಗ ಆ ವಾಸನೆ ಬಂತು. ನನ್ನ ಅಂಗಡಿಗೆ ಬರುವ ಮೋಟಾರುಗಳೆಲ್ಲ ಅದೇ ವಾಸನೆ ಹೊತ್ತು ಬರುತ್ತವೆ. ವೈಂಡಿಂಗಿನ ವಾರ್ನಿಷ್ ಸುಟ್ಟ ವಾಸನೆ. ಚಿಕ್ಕಪ್ಪನಿಗೆ ಹೇಳಬೇಕಾಗಲಿಲ್ಲ. ನನ್ನ ಮುಖ ನೋಡಿದರು, ಸಾಕಾಯಿತು.

"ನಿಮ್ಮೂರಿಂದ್ಲೇ ಬಂದಿರೋ ಗಿಡ ಕಣ್ಲಾ ಇದು" ಎಂದರು. "ಮಿಂದ್ ನೀರು ಸಾಲ್ದು ಅಂತ ಇದ್ನೂ ಕಳ್ಸಿವ್ರೆ."

ನಾನು ಇಳಿದು ಈಜುತ್ತೇನೆಂದೆ. ತೋಳು ಹಿಡಿದು ಕೂರಿಸಿದರು. ಆ ಬೇರಿನಲ್ಲಿ ಕಾಲು ಸಿಕ್ಕಿದರೆ ಎಂಥ ಈಜುಗಾರನನ್ನೂ ಬಿಡುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಬಗ್ಗಿ ಗಿಡ ಹಿಡಿದು ಎಳೆದೆವು, ಅವರು ಎಡಗೈಯಲ್ಲಿ, ನಾನು ಎರಡರಲ್ಲೂ. ಹರಿಗೋಲು ಗೇಣು ಬರುತ್ತಿತ್ತು, ಗಿಡ ಕಿತ್ತು ಕೈಗೆ ಬರುತ್ತಿತ್ತು, ಮತ್ತೆ ಅಷ್ಟೇ ಹಿಂದಕ್ಕೆ. ತಳದಲ್ಲಿ ಏನೋ ನಮ್ಮನ್ನು ಹಿಡಿದುಕೊಂಡಿತ್ತು. ನಮ್ಮ ಕಡೆಯ ದಡ ಕೂಗಳತೆಯಲ್ಲೇ ಇತ್ತು. ಅಲ್ಲಿ ಬಟ್ಟೆ ಒಗೆಯುವ ಸದ್ದು ಕೇಳಿಸುತ್ತಿತ್ತು.

ನಾನು ಫೋನು ತೆಗೆದೆ. ಊರಿನಲ್ಲಿ ಇನ್ನೂ ಮೂರು ಹರಿಗೋಲುಗಳಿವೆ, ಯಾರನ್ನಾದರೂ ಕರೆದರೆ ಹತ್ತು ನಿಮಿಷ.

"ಒಳಗಿಡು" ಎಂದರು ಚಿಕ್ಕಪ್ಪ.

"ಚಿಕ್ಕಪ್ಪ..."

"ಒಳಗಿಡ್ಲಾ. ಗಾಳಿ ತಿರುಗ್ತದೆ. ತಾನಾಗೇ ಬುಡ್ತದೆ."

ಗಾಳಿ ತಿರುಗಲಿಲ್ಲ. ಬಿಸಿಲು ನೆತ್ತಿಗೆ ಬಂತು. ಮೀನಿಗೆ ಒದ್ದೆ ಗೋಣಿ ಹೊದಿಸಿದೆವು, ನಮಗೆ ಹೊದೆಯಲು ಟವೆಲು. ಹರಿಗೋಲಿನಲ್ಲಿ ಕಾಲು ಚಾಚಲು ಆಗುವುದಿಲ್ಲ. ಮಂಡಿ ಎದೆಗೆ ಒತ್ತಿ, ಇಬ್ಬರೂ ಎದುರು ಬದುರು, ನಡುವೆ ಕೆಲಸವಿಲ್ಲದ ಬ್ಯಾಟರಿ. ರಸ್ತೆಯ ಮೇಲೆ ಬಸ್ಸು ಹೋದಾಗಲೆಲ್ಲ ಚಿಕ್ಕಪ್ಪ ನೋಡದೆಯೇ ಹೇಳುತ್ತಿದ್ದರು: "ಇದು ಸೋಸ್ಲೆ ಬಸ್ಸು. ಇದು ಮೈಸೂರ್ದು. ಇದು ಕೆಟ್ಟೋಗಿ ಸ್ಟ್ಯಾಂಡ್ನಲ್ಲಿ ನಿಂತಿತ್ತಲ್ಲ, ಅದು." ತಿಂಗಳುಗಟ್ಟಲೆ ಜಗಲಿಯ ಮೇಲೆ ಅವರು ಕಲಿತ ವಿದ್ಯೆ ಅದು.

"ದಿನಾ ಎಷ್ಟು ಜನ ಬತ್ತಾರೆ ಗೊತ್ತಾ" ಎಂದರು ಸ್ವಲ್ಪ ಹೊತ್ತಿನ ಮೇಲೆ. "ಕೈ ಎಂಗದೆ? ಕೈ ಎಂಗದೆ? ಅಂಗಡಿಯೋನು ಕೇಳ್ತಾನೆ, ಹಾಲ್ನೋನು ಕೇಳ್ತಾನೆ. ಅವ್ಳಂತೂ ಕಣ್ಣಲ್ಲೇ ಕೇಳ್ತಾಳೆ. ಒಳೆ ಮ್ಯಾಲೆ ಯಾರೂ ಕೇಳಲ್ಲ ಕಣ್ಲಾ. ಮೀನು ಕೇಳ್ತದಾ?"

ನಾನೂ ಬರುವಾಗಲೆಲ್ಲ ಮೊದಲು ಕೇಳುತ್ತಿದ್ದದ್ದು ಅದನ್ನೇ.

ಹನ್ನೆರಡು ದಾಟಿದ ಮೇಲೆ ಮೆಟ್ಟಿಲ ಮೇಲೆ ಚಿಕ್ಕವ್ವ ಕಾಣಿಸಿದಳು. ಒಂದು ಕೈಯಲ್ಲಿ ಊಟದ ಕ್ಯಾರಿಯರ್. ಕಂಕುಳಲ್ಲಿ ಇನ್ನೇನೋ ಉದ್ದನೆಯದು, ಅಷ್ಟು ದೂರಕ್ಕೆ ತಿಳಿಯಲಿಲ್ಲ. ಅರಳಿಮರದ ನೆರಳಿನಲ್ಲಿ ಕೂತಳು.

"ಬಲೆ ತಗೊ" ಎಂದರು ಚಿಕ್ಕಪ್ಪ ಮೆಲ್ಲಗೆ. "ಬಿಡಿಸೋ ಅಂಗೆ ಮಾಡು."

ಹಾಗೆ ನಾವಿಬ್ಬರು ಖಾಲಿ ಬಲೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಡಿಸಿದೆವು, ಮತ್ತೆ ಆ ಕಡೆಯಿಂದ ಈ ಕಡೆಗೆ. ಮೂರು ಸಲವೋ ನಾಲ್ಕು ಸಲವೋ. ಗಂಟಲು ಒಣಗಿ ಹೊಳೆಯ ನೀರನ್ನೇ ಬೊಗಸೆಯಲ್ಲಿ ಕುಡಿದೆವು. ದಡದಲ್ಲಿ ಅವಳು ಕೈಯಾಡಿಸಲಿಲ್ಲ, ಕೂಗಲಿಲ್ಲ. ಎದ್ದು ಹೋಗಲೂ ಇಲ್ಲ.

ಚಿಕ್ಕಪ್ಪನಿಗೆ ಕೊನೆಗೆ ತಡೆಯಲಾಗಲಿಲ್ಲ. ನಾನು ಆ ಕಡೆ ತಿರುಗಿದ್ದಾಗ ಬಲಗೈಯನ್ನು ಹೊರಗೆ ಚಾಚಿ ಗಿಡದ ಬುಡಕ್ಕೆ ಹಾಕಿ ಎಳೆದಿದ್ದಾರೆ. ಹೆಗಲಿನಿಂದ ಒಣಕಡ್ಡಿ ಮುರಿದಂಥ ಸದ್ದು ಬಂತು. ತಿರುಗಿದರೆ ಮುಖ ಬಿಳಿಚಿ ಹೋಗಿತ್ತು, ಹಣೆಯ ಮೇಲೆ ಬೆವರು. ನಾನು ಏನೂ ಕೇಳಲಿಲ್ಲ. ಕೈ ಹೇಗಿದೆ ಎಂದು ಕೇಳುವ ಹಾಗಿರಲಿಲ್ಲವಲ್ಲ.

ಉಸಿರು ಹತೋಟಿಗೆ ಬಂದ ಮೇಲೆ ಎಡಗೈಯಲ್ಲಿ ಟವೆಲು ಎತ್ತಿ ಬೀಸಿದರು.

"ಅಮ್ಮೀ... ಸಿಕ್ಕಾಕಂಡಿದೀವಿ ಕಣಮ್ಮೀ..."

ಅವಳು ಅದಕ್ಕೇ ಕಾದಿದ್ದವಳ ಹಾಗೆ ಎದ್ದಳು. ಯಾರನ್ನೋ ಕರೆಯಲು ಊರಿಗೆ ಓಡುತ್ತಾಳೆ ಎಂದುಕೊಂಡೆ. ಇಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪಕ್ಕದ ಮನೆಯವರ ಹರಿಗೋಲನ್ನು ಮಗುಚಿ, ನೀರಿಗೆ ನೂಕಿ ಹತ್ತಿ ಕೂತಳು. ಕಂಕುಳಲ್ಲಿದ್ದದ್ದು ಏನೆಂದು ಆಗ ತಿಳಿಯಿತು. ನಾನು ಸೂರಿಗೆ ಸಿಕ್ಕಿಸಿದ್ದ ಹುಟ್ಟು.

ಅವಳು ಹುಟ್ಟು ಹಾಕಬಲ್ಲಳೆಂಬುದೇ ನನಗೆ ಗೊತ್ತಿರಲಿಲ್ಲ. ಮುಂದೆ ಮಂಡಿಯೂರಿ, ನೀರನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತ ಬಂದಳು. ಚಿಕ್ಕಪ್ಪ ನೋಡುತ್ತಿದ್ದರು. "ಅವ್ರಪ್ಪನ ಕೈ ಅದು" ಎಂದರು, ನನಗಲ್ಲ. ಅಂತರಗಂಗೆಯ ಅಂಚಿಗೆ ಬಂದಾಗ ಅವಳು ನಿಲ್ಲಲಿಲ್ಲ. ಹರಿಗೋಲನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ಗಿಡದ ಮೇಲೇ ಹತ್ತಿಸಿದಳು. ದುಂಡನೆಯ ತಳ, ಗಿಡವೆಲ್ಲ ಅಡಿಗೆ ಮಲಗಿತು, ಹರಿಗೋಲು ಮೇಲೆ ಜಾರಿ ಬಂತು.

ಹತ್ತಿರ ಬಂದವಳೇ ನಮ್ಮ ಹರಿಗೋಲಿನ ಮುಂದೆ ನೋಡಿದಳು. ಎರಡು ಅಡಿ ಆಳಕ್ಕೆ ಇಳಿದಿದ್ದ ನನ್ನ ಪೈಪು, ಅದಕ್ಕೆ ಸುತ್ತಿಕೊಂಡ ಹೊರೆಯಷ್ಟು ಬೇರು. ಗೂಟ ಹೊಡೆದು ಕಟ್ಟಿದ ಹಾಗೆ ನಾವು ಅದಕ್ಕೆ ಕಟ್ಟಿಕೊಂಡು ಕೂತಿದ್ದೆವು. ಅದೊಂದು ಇಲ್ಲದಿದ್ದರೆ ಗಿಡ ಹಿಡಿದು ಎಳೆದಾಗಲೇ ಜಾರಿ ಹೊರಗೆ ಬರುತ್ತಿದ್ದೆವು.

"ಸೊಂಟ್ದಲ್ಲಿ ಚೂರಿ ಇರ್ನಿಲ್ವಾ?" ಎಂದಳು. 'ಯೋಳು ಮಗ' ಎಂದು ನನಗೆ ಹೇಳಲಿಲ್ಲ. ನೇರವಾಗಿ ಅವರಿಗೇ.

ಚಿಕ್ಕಪ್ಪ ಸೊಂಟಕ್ಕೆ ಕೈ ಹಾಕಿದರು. ಐವತ್ತು ವರ್ಷ ಹೊಳೆಯ ಮೇಲೆ ಇದ್ದ ಮನುಷ್ಯನಿಗೆ ಯಾವುದು ಹಿಡಿದುಕೊಂಡಿದೆ ಎಂದು ಬೆಳಿಗ್ಗೆಯೇ ಗೊತ್ತಿತ್ತು. ಚೂರಿಯೂ ಇತ್ತು. ಟ್ಯೂಬು ಕೊಯ್ದರೆ ಮೋಟಾರು ಹೋಯಿತು, ಮೋಟಾರು ಹೋದರೆ 'ಒಬ್ನೇ' ಎನ್ನುವುದೂ ಹೋಯಿತು. ಅದಕ್ಕೇ ನಾಲ್ಕು ತಾಸು ಸುಮ್ಮನೆ ಕೂತಿದ್ದರು. ಈಗ ಚೂರಿ ತೆಗೆದು, ಹಿಡಿಯನ್ನು ಅವಳ ಕಡೆ ಮಾಡಿ ಕೊಟ್ಟರು.

ಅವಳು ಟ್ಯೂಬಿನ ಪಟ್ಟಿಗಳನ್ನು ಒಂದೊಂದಾಗಿ ಕೊಯ್ದಳು. ನಾನು ಪೈಪನ್ನು ಹಿಡಿದು ಒಳಗೆ ಎತ್ತಿ ಹಾಕಿದೆ. ಹರಿಗೋಲು ಒಮ್ಮೆ ಕುಲುಕಿ ಹಗುರಾಯಿತು. ಎರಡನ್ನೂ ಹಗ್ಗದಿಂದ ಸೇರಿಸಿಕೊಂಡು ಅವಳು ಎಳೆದಳು. ದಡ ಸೇರಿದೆವು. ಇಳಿಯುವಾಗ ಚಿಕ್ಕಪ್ಪ ಹೇಳಿದರು, "ಸರಿ, ನಿನ್ನ್ ತಮ್ಮಂಗೆ ಕೊಟ್ಬುಡು. ಮಾತು ಮಾತೇ."

"ಮೊದ್ಲು ಉಂಡ್ಕೋ" ಎಂದಳು.

ಸೋಮವಾರ ನಾನು ಅಲ್ಲೇ ಉಳಿದಿದ್ದೆ. ಸೋಸಲೆಯಿಂದ ಅವಳ ತಮ್ಮ ಹತ್ತು ಗಂಟೆಯ ಬಸ್ಸಿಗೆ ಹಗ್ಗ ಹಿಡಿದುಕೊಂಡು ಬಂದ. ಹರಿಗೋಲನ್ನು ಲಗೇಜ್ ಆಟೋದಲ್ಲಿ ಕಟ್ಟಿಕೊಂಡು ಹೋಗುವುದು ಅವನ ಲೆಕ್ಕ. ಜಗಲಿಯ ಮುಂದೆ ಹರಿಗೋಲು ಇರಲಿಲ್ಲ. ಅಕ್ಕನೂ ಇರಲಿಲ್ಲ, ಭಾವನೂ ಇರಲಿಲ್ಲ. ಇಬ್ಬರೂ ಹೊಳೆಯ ಮೇಲಿದ್ದರು, ಅವಳು ಮುಂದೆ ಹುಟ್ಟು ಹಿಡಿದು, ಅವರು ಹಿಂದೆ ಎಡಗೈಯಲ್ಲಿ ಬಲೆ ಹಿಡಿದು. ಮಧ್ಯಾಹ್ನ ಅವನಿಗೆ ಗೆಂಡೆಮೀನಿನ ಸಾರು ಬಡಿಸಿ, ಹಗ್ಗವನ್ನು ಮಡಿಸಿ ಕೈಗೆ ಕೊಟ್ಟು, "ಬರೋ ವರ್ಷ ನೋಡನ ಓಗು" ಎಂದು ಚಿಕ್ಕವ್ವ ಬಸ್ಸು ಹತ್ತಿಸಿದಳು.

ಅಂದಿನಿಂದ ಹಾಗೇ ನಡೆದಿದೆ. ಊರಿನವರಿಗೆ ನೋಡಲು ಚೆಂದ. ಮೀನೂ ಬರುತ್ತಿದೆ. ಚಿಕ್ಕಪ್ಪನಿಗೆ ಹೊಳೆ ಸಿಕ್ಕಿತು, ಆದರೆ ಹೊಳೆಯ ಮೇಲೂ ಈಗ ಮುಂದೆ ಒಂದು ಬೆನ್ನಿದೆ. ಆ ಬೆನ್ನು ಆಗಾಗ ತಿರುಗಿ ಕೇಳುತ್ತದೆ: ಕೈ ಎಂಗದೆ?

ನಾನು ಹೋದಾಗಲೆಲ್ಲ ಅವರು ನನ್ನನ್ನು ಬಸ್‌ಸ್ಟಾಪಿನವರೆಗೆ ಬಿಡಲು ಬರುತ್ತಾರೆ. ಬಸ್ಸು ಕಾಣಿಸಿದ ಮೇಲೆ, ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು, ದನಿ ತಗ್ಗಿಸುತ್ತಾರೆ.

"ಮೋಟ್ರು ಆಯ್ತೇನ್ಲಾ?"

"ಇನ್ನೂ ಇಲ್ಲ ಚಿಕ್ಕಪ್ಪ. ಆ ಅಳತೆಯ ತಂತಿ ಸಿಕ್ಕಿಲ್ಲ."

ನನ್ನ ಅಂಗಡಿಯ ಗೋಡೆಯ ತುಂಬ ಎಲ್ಲ ಅಳತೆಯ ತಾಮ್ರದ ತಂತಿ ಸುರುಳಿ ಸುರುಳಿಯಾಗಿ ನೇತಾಡುವುದನ್ನು ಅವರು ಕಣ್ಣಾರೆ ನೋಡಿದ್ದಾರೆ. ಆ ಸುಟ್ಟ ಮೋಟಾರನ್ನು ಸುತ್ತಿ ಮುಗಿಸಿ ಎಂಟು ತಿಂಗಳಾಯಿತು. ಗೋಣಿಯಲ್ಲಿ ಸುತ್ತಿ ಬೆಂಚಿನ ಕೆಳಗೆ ಇಟ್ಟಿದ್ದೇನೆ. ಕೊಡೋಣವೆಂದು ಎತ್ತಿದಾಗಲೆಲ್ಲ ಆ ಹೆಗಲಿನ ಸದ್ದು ಕೇಳಿಸುತ್ತದೆ.

"ಸಿಕ್ದಾಗ ನೋಡು" ಎನ್ನುತ್ತಾರೆ. ಬಸ್ಸು ಬರುತ್ತದೆ. ನಾನು ಹತ್ತಿ ಕಿಟಕಿಯ ಪಕ್ಕ ಕೂರುತ್ತೇನೆ, ಆದರೆ ಅವರ ಕಡೆ ನೋಡುವುದಿಲ್ಲ.